ಗುಡ್ಡ ಬಳಸಿದ ರಸ್ತೆ

ಪೆಟ್ಟಿಗೆಯ ಮುಚ್ಚಳವನ್ನು ನಾಲ್ವರು ಎತ್ತಿ ಹಿಡಿದಿದ್ದರು. ಇನ್ನೇನು ತುರೆಯಿಯ ಮುಖ ಮರೆಯಾಗಬೇಕು, ಅಷ್ಟರಲ್ಲಿ ಅಂಗಳದ ಆಚೆ ಬದಿಯಿಂದ ಹೆನಾರೆ ಕೂಗಿದ.

"ಇರ್ರೋ! ನನ್ನ ಮಾತಿನ್ನೂ ಮುಗಿದಿಲ್ಲ."

"ಶುರುವೇ ಮಾಡಿಲ್ವಲ್ಲೋ ನೀನು," ಎಂದ ಕಿಂಗಿ ಮುದುಕ. ಸಭಾಮನೆಯ ಜಗಲಿಯಲ್ಲಿ ಮನೆಯವರ ಪರವಾಗಿ ಮಾತಾಡುವ ಹಿರಿಯ ಅವನು. "ಮೂರು ದಿನದಿಂದ ಅಣ್ಣನ ಹೆಣ ಇಲ್ಲಿದೆ. ಈಗ ಬಂದೆ. ಬಂದೋನು ಪರವೂರಿನವರ ಸಾಲಲ್ಲಿ ಯಾಕೆ ಕೂತೆ? ನೀನು ಈ ಮನೆಯವನಲ್ವಾ?"

"ಈ ಮನೇಲಿ ನಂದೇನು ಉಳಿದಿದೆ ಮಾವ? ಇಲ್ಲಿ ಕೌನ್ಸಿಲ್‌ನೋರ ಪಕ್ಕದಲ್ಲಿ ಕೂತ್ರೆ ಬಿಸ್ಕತ್ತಾದರೂ ಸಿಗುತ್ತೆ."

ಜನ ನಕ್ಕರು. ಪಟ್ಟಣದ ಕೌನ್ಸಿಲ್‌ನ ಕಚೇರಿಯಿಂದ ಬಂದಿದ್ದ ಡಂಕನ್ ತಾನೂ ನಗಬೇಕೋ ಬೇಡವೋ ತಿಳಿಯದೆ ಟೈ ಸರಿಮಾಡಿಕೊಂಡ.

ಪೆಟ್ಟಿಗೆಯ ಪಕ್ಕದ ಹಾಸಿಗೆಯ ಮೇಲೆ, ತಲೆಗೆ ಹಸಿರೆಲೆಯ ಸಿಂಬಿ ಸುತ್ತಿಕೊಂಡು ಕೂತಿದ್ದ ಕೇತಿ ನಗಲಿಲ್ಲ. ಗಂಡನನ್ನು ಮಣ್ಣಿಗಿಡುವವರೆಗೆ ಹೆಂಡತಿ ಈ ಅಂಗಳದಲ್ಲಿ ಬಾಯಿ ಬಿಡುವಂತಿಲ್ಲ. ಬಂದವರ ಹೊಗಳಿಕೆ, ಬೈಗುಳ ಎರಡನ್ನೂ ಕೇಳಿಸಿಕೊಳ್ಳಬೇಕು, ಅಷ್ಟೇ.

ಹೆನಾರೆ ಅಂಗಳದ ನಡುವೆ ಬಂದು ಹೆಣಕ್ಕೆ ಎದುರಾಗಿ ನಿಂತ. ಸತ್ತವನನ್ನು ಮುಖಕ್ಕೆ ಮುಖ ಕೊಟ್ಟು ಬೈಯುವುದು ಅಲ್ಲಿ ತಪ್ಪಲ್ಲ. ಬೈಯದೆ ಹೂಳಿದರೆ ಆ ಮಾತು ಬದುಕಿರುವವರ ಮನೆಯಲ್ಲೇ ಉಳಿದುಬಿಡುತ್ತದೆ.

"ಆರಾಮಾಗಿ ಮಲಗಿದ್ದೀಯಾ ಅಣ್ಣಾ? ಕೌನ್ಸಿಲ್ ಸಭೇಲೂ ಹಿಂಗೇ ಮಲಗ್ತಿದ್ದೆಯಂತೆ. ನನ್ನ ಹೊಲ ರಸ್ತೆಗೆ ಕೊಟ್ಟಾಗ ನಿದ್ದೇಲಿದ್ಯಾ, ಎಚ್ಚರ ಇತ್ತಾ? ನಾವಿಬ್ಬರೂ ಒಂದೇ ಸಾಲಲ್ಲಿ ಗೆಣಸು ಕಿತ್ತ ಹೊಲ ಅದು. ಸತ್ತೋರ ಗುಡ್ಡ ಉಳಿಸಿದೆ, ಬದುಕಿರೋನ ಹೊಲ ಕೊಟ್ಟೆ. ಈಗ ನೀನೇ ಸತ್ತು ಆ ಗುಡ್ಡ ಹತ್ತೋಕೆ ಹೊರಟಿದ್ದೀಯ. ಎಷ್ಟು ಚೆನ್ನಾಗಿ ನೋಡ್ಕೊಂಡೆಯೋ ನಿನ್ನ ಜಾಗಾನ!"

ಯಾರೂ ತಡೆಯಲಿಲ್ಲ. ಹೆನಾರೆ ಜಗಲಿಯತ್ತ ತಿರುಗಿದ. ದನಿ ತಗ್ಗಿತು.

"ಹೆಣ ನಂಗೆ ಕೊಡಿ. ನನ್ನ ಹೊಲದಲ್ಲಿ ಹೂಳ್ತೀನಿ. ಗುಡ್ಡದಲ್ಲಿ ಹೆಣ ಇದೆ ಅಂತ ತಾನೇ ರಸ್ತೆ ಬಗ್ಗಿಸಿದ್ದು? ನನ್ನ ಹೊಲದಲ್ಲೂ ಒಂದಿರಲಿ. ಅಲ್ಲೂ ಬಗ್ಗಲಿ ನೋಡೋಣ."

ಡಂಕನ್ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಹಿಂದಿನಿಂದ ಒಬ್ಬ, "ಅದಕ್ಕೆ ಅರ್ಜಿ ಹಾಕ್ಬೇಕಂತೆ ಹೆನಾರೆ," ಎಂದ. ಈ ಸಲ ಯಾರೂ ನಗಲಿಲ್ಲ.

ರೀಪೆಕಾ ಅಜ್ಜಿ ಕೂತಲ್ಲಿಂದಲೇ ಹೇಳಿದಳು: "ಹೆಣ ಇಟ್ಟ ಮಣ್ಣಲ್ಲಿ ಬಾಯಿಗೆ ಹಾಕೋದೊಂದೂ ಬೆಳೆಯೋ ಹಾಗಿಲ್ಲ ಕಣೋ. ಗೆಣಸು ಅಲ್ಲಿಗೆ ಮುಗೀತು."

"ಟಾರು ಹಾಕಿದ ಮೇಲೆ ಬೆಳೆಯುತ್ತಾ ಅಜ್ಜೀ?"

*

ತುರೆಯಿ ಬದುಕಿನ ಬಹುಪಾಲು ಹಾಲಿನ ಟ್ಯಾಂಕರ್ ಓಡಿಸಿದವನು. ಯಾವ ಫಾರ್ಮಿನ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಚಹಾ ಕೊಡುತ್ತಾರೆ ಎನ್ನುವುದೇ ಅವನ ವಿದ್ಯೆ. ಬೆನ್ನು ಕೈಕೊಟ್ಟು ಮನೆಯಲ್ಲಿ ಕೂತಾಗ ಊರವರು ಅವನನ್ನು ಸಮಿತಿಗೆ ಕಳಿಸಿದರು. ಸುತ್ತಲಿನ ಮೂರು ಕೌನ್ಸಿಲ್‌ಗಳೂ ರಾಜಧಾನಿ ವೆಲಿಂಗ್ಟನ್ನಿನ ಸರ್ಕಾರವೂ ಒಟ್ಟಿಗೆ ಕೂತು, ಇನ್ನು ಮೂವತ್ತು ವರ್ಷಕ್ಕೆ ಪಟ್ಟಣ ಯಾವ ಕಡೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ನೀರಿನ ಕೊಳವೆ, ಎಲ್ಲಿ ರಸ್ತೆ ಎಂದು ಗೊತ್ತುಮಾಡುವ ಸಮಿತಿ. ನೆಲದ ಹಳೆಯ ಒಡೆಯರ ಕಡೆಯಿಂದ ಒಬ್ಬರು ಇರಬೇಕೆಂದು ಒಂದು ಕುರ್ಚಿ ಇಟ್ಟಿದ್ದರು. ಆ ಕುರ್ಚಿಯಲ್ಲಿ ದಿನವಿಡೀ ಕೂರುವ ತಾಳ್ಮೆ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ.

"ಏನು ಮಾತಾಡಿದ್ರಿ ಇವತ್ತು?" ಎಂದು ಕೇತಿ ಕೇಳುತ್ತಿದ್ದಳು.

"ಎರಡು ಸಾವಿರದ ಐವತ್ತರಲ್ಲಿ ಎಷ್ಟು ಕಾರು ಇರ್ತವೆ ಅಂತ. ನಾನು ಇರಲ್ಲ ಅಂದೆ. ಬರ್ಕೊಂಡ್ರು."

ಒಂದು ಸಂಜೆ ಅವನು ಕಾರು ನಿಲ್ಲಿಸಿದವನು ಇಳಿಯಲೇ ಇಲ್ಲ. ಕೇತಿ ಚಹಾದ ಲೋಟ ಹಿಡಿದು ಹೋಗಿ ಪಕ್ಕದ ಸೀಟಿನಲ್ಲಿ ಕೂತಳು.

"ನಮ್ಮ ನೆಲದಲ್ಲಿ ಮನೆ ಕಟ್ಟೋಕೆ ಬಿಡ್ತಾರಂತೆ," ಎಂದ. "ಪಟ್ಟಣದ ಗ್ಯಾರೇಜುಗಳಲ್ಲಿ ಸಂಸಾರ ಮಾಡ್ತಿರೋ ನಮ್ಮ ಹುಡುಗರು ವಾಪಸ್ ಬರಬಹುದು. ನೀರು, ಕೊಳವೆ ಎಲ್ಲಾ ಅವರದೇ ಖರ್ಚು. ಆದರೆ ರಸ್ತೆ ಬೇಕಂತೆ. ಗುಡ್ಡ ಕಡಿದು ನೇರ ಹೋಗಬೇಕು, ಇಲ್ಲಾ ಗುಡ್ಡ ಬಳಸಿ ಹೆನಾರೆ ಹೊಲದ ಮೇಲೆ. ನಿಮ್ಮ ಜನ ಯಾವುದು ಅಂತಾರೋ ಅದೇ, ಅಂದ್ರು. ತುಂಬಾ ಮರ್ಯಾದೆಯಿಂದ ಕೇಳಿದ್ರು ಕಣೆ. ನಾಳೆ ಹೇಳಬೇಕು."

"ಹೆನಾರೆನ ಕೇಳ್ದ್ಯಾ?"

"ಏನಂತ ಕೇಳಲಿ?"

ಗುಡ್ಡದಲ್ಲಿ ಅವರ ಮೊದಲ ಮಗು ಇತ್ತು. ಹೆಸರಿಡುವಷ್ಟು ಹೊತ್ತು ಮಾತ್ರ ಬದುಕಿದ್ದ ಮಗು. ಕೇತಿ ಆ ಹೆಸರು ಹಿಡಿದು ಹೇಳಿದಳು. "ರಂಗಿ ಅಲ್ಲಿದ್ದಾನೆ."

ತುರೆಯಿ ತಲೆಯಾಡಿಸಿ ಚಹಾ ಕುಡಿದ. ಮಾರನೆಯ ದಿನದಿಂದ ಅವನು ಪಟ್ಟಣಕ್ಕೆ ಹೋಗಲು ಹೆನಾರೆಯ ಗೇಟಿನ ಮುಂದಿನ ದಾರಿ ಬಿಟ್ಟು, ಸೇತುವೆಯ ಕಡೆಯಿಂದ ಸುತ್ತಿಕೊಂಡು ಹೋಗತೊಡಗಿದ. ಹೃದಯ ನಿಂತದ್ದೂ ಆ ಸುತ್ತುದಾರಿಯಲ್ಲೇ.

*

ಕಿಂಗಿ ಮುದುಕ ಕೋಲೂರಿ ಎದ್ದ.

"ತಮ್ಮಾ, ಹೆಣ ಕೇಳಿದೆಯಲ್ಲ, ಅಷ್ಟು ಸಾಕು. ನಂಗೂ ಬೇಕು ಅಂತ ಯಾರೂ ಕೇಳದೆ ಹೋಗೋ ಹೆಣ ಅನಾಥ ಹೆಣ. ನಿನ್ನಣ್ಣ ಅನಾಥನಲ್ಲ ಅಂತ ತೋರಿಸ್ದೆ. ಆದರೆ ಕೊಡೋದು ಬಿಡೋದು..." ಎಂದು ನಿಲ್ಲಿಸಿ ಕೇತಿಯ ಕಡೆ ನೋಡಿದ.

ಎಲ್ಲರೂ ನೋಡಿದರು. ಒಂದು ಸಲ ತಲೆಯಾಡಿಸಿದರೆ ಸಾಕು, ಹೆಣ ಹೊಲಕ್ಕೆ ಇಳಿಯುತ್ತಿತ್ತು. ರಸ್ತೆಯ ಒಪ್ಪಂದ ಮುರಿಯುತ್ತಿತ್ತೋ ಏನೋ, ಅದರ ಜೊತೆ ಬರಬೇಕಾದ ಮನೆಗಳೂ ಹೋಗುತ್ತಿದ್ದವು. ಕೇತಿ ಅದಾವುದನ್ನೂ ಯೋಚಿಸಲಿಲ್ಲ. ಗುಡ್ಡದಲ್ಲಿ ರಂಗಿಯ ಪುಟ್ಟ ಕಲ್ಲಿನ ಬಲಗಡೆ ಇಬ್ಬರಿಗೆ ಆಗುವಷ್ಟು ಜಾಗವಿತ್ತು. ಅವಳ ಕಣ್ಣಿಗೆ ಕಂಡದ್ದು ಅದೊಂದೇ.

ಅವಳು ಗಂಡನ ಹಣೆ ಸವರಿ, ಕೈ ಎತ್ತಿ, ಆ ನಾಲ್ವರು ಹಿಡಿದಿದ್ದ ಮುಚ್ಚಳದ ಅಂಚನ್ನು ತಾನೇ ಕೆಳಕ್ಕೆ ಎಳೆದಳು.

ಹೆನಾರೆ ಬೆನ್ನು ತಿರುಗಿಸಿ ಹೊರಟುಹೋದ.

ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಪ್ರಾರ್ಥನೆಯ ಅರ್ಧ ಮಾತು ಹಾರಿಹೋಯಿತು. ಹುಡುಗರು ಸರದಿಯ ಮೇಲೆ ಸಲಿಕೆ ಹಿಡಿದು ಮಣ್ಣು ತುಂಬಿದರು. ಬೆವರು ಒರೆಸಿಕೊಳ್ಳಲು ತಲೆಯೆತ್ತಿದ ಒಬ್ಬ ಕೆಳಗೆ ನೋಡಿ ಹಾಗೇ ನಿಂತ. ಒಬ್ಬೊಬ್ಬರೇ ಎಲ್ಲರೂ ಅತ್ತ ತಿರುಗಿದರು.

ಹೆನಾರೆಯ ಹೊಲದ ನಟ್ಟನಡುವೆ, ಹಸಿರು ಬಳ್ಳಿಗಳ ಮಧ್ಯೆ ಕಪ್ಪು ಮಣ್ಣಿನ ಗುಡ್ಡೆಯಿತ್ತು. ಪಕ್ಕದಲ್ಲಿ ಆಳುದ್ದದ ಗುಂಡಿ.

"ತೋಡಿಟ್ಟೇ ಬಂದು ಕೇಳಿದ್ದಾನೆ," ಎಂದಳು ರೀಪೆಕಾ ಅಜ್ಜಿ. "ಅಯ್ಯೋ, ತೋಡಿದ ಗುಂಡಿ ಖಾಲಿ ಬಿಡಬಾರದು. ಯಾರನ್ನಾದರೂ ಕೇಳುತ್ತೆ ಅದು."

ಗುಡ್ಡದ ಗೇಟಿನ ಬಳಿ ಕೈ ತೊಳೆದು ಎಲ್ಲರೂ ಊಟದ ಮನೆಗೆ ನಡೆದರು. ಕೇತಿ ಮೂರು ದಿನದಿಂದ ಹಗಲಲ್ಲಿ ಏನೂ ತಿಂದಿರಲಿಲ್ಲ. ಮಗಳು ಮೀರಿಯಾಮಾ ತೋಳು ಹಿಡಿದಳು. "ಬಾರಮ್ಮ, ನೀನು ಕೂರದೆ ಯಾರೂ ಬಾಯಿಗಿಡಲ್ಲ."

ಕೇತಿ ತೋಳು ಬಿಡಿಸಿಕೊಂಡು ಬೇಲಿ ದಾಟಿ ಹೊಲಕ್ಕಿಳಿದಳು.

ಹೆನಾರೆ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಸಲಿಕೆ ಪಕ್ಕದಲ್ಲಿ ಬಿದ್ದಿತ್ತು.

"ಇದನ್ನ ಮುಚ್ಚು, ಹೆನಾರೆ." ಮೂರು ದಿನ ಆಡದ ದನಿ ಒಡೆದು ಬಂತು.

"ಯಾರೂ ಇಲ್ದೆ ಹೆಂಗೆ ಮುಚ್ಚಲಿ ಅತ್ತಿಗೆ?"

"ಗುಡ್ಡ ಉಳಿಯಲಿ ಅಂದೋಳು ನಾನು. ನಿಮ್ಮಣ್ಣ ಅಲ್ಲ."

ಹೆನಾರೆ ಅವಳ ಕಡೆ ನೋಡಲಿಲ್ಲ. ಒಂದು ಹೆಂಟೆ ಎತ್ತಿ ಪುಡಿ ಮಾಡಿದ.

"ಅವನು ನನ್ನ ಕೇಳಿದ್ದಿದ್ರೆ ನಾನೂ ಅದೇ ಅಂತಿದ್ದೆ," ಎಂದ. "ನಮ್ಮವ್ವನೂ ಅಲ್ಲೇ ಇದ್ದಾಳೆ. ಕೇಳಬೇಕಿತ್ತು. ಅಷ್ಟೇ."

ಊಟದ ಮನೆಯಿಂದ ಗಂಟೆ ಬಾರಿಸಿದರು. ಇಬ್ಬರೂ ಅಲ್ಲಿಂದ ಕದಲಲಿಲ್ಲ. ಹೊಳೆ ಹತ್ತಿರವಿದ್ದುದರಿಂದ ಗುಂಡಿಯ ತಳದಲ್ಲಿ ನೀರು ಒಸರತೊಡಗಿತ್ತು. ಕೀಳಲು ಇನ್ನೂ ಕೆಲವು ವಾರ ಬಾಕಿಯಿದ್ದ ಗೆಣಸುಗಳು ಸಲಿಕೆಯ ಏಟಿಗೆ ಅರ್ಧಕ್ಕೆ ಕತ್ತರಿಸಿಹೋಗಿ ಗುಂಡಿಯ ಎರಡೂ ಗೋಡೆಯ ಮೇಲಂಚಿನಲ್ಲಿ ಬೆಳ್ಳಗೆ ಸಾಲಾಗಿ ಕಾಣುತ್ತಿದ್ದವು. ಕತ್ತರಿಸಿದ ಮೈಯಿಂದ ಹಾಲು ಜಿನುಗಿ, ಮಣ್ಣಿಗಿಳಿಯುತ್ತಿತ್ತು.