ಕೆರೆಗೆ ಜಾರಿದ ಗಾಡಿ

"ನಿಧಾನ! ನಿಧಾನ ಅಂದೆ ಕಣಯ್ಯಾ! ತೊಟ್ಟಿಲಿಂದ ಮಗು ಎತ್ತಿದ ಹಾಗೆ ಎತ್ತು!" ಎಂದು ಮೆಕ್ಯಾನಿಕ್ ದಡದ ಮೇಲೆ ನಿಂತು ಕ್ರೇನಿನವನಿಗೆ ಕೂಗುತ್ತಿದ್ದ. ಉಕ್ಕಿನ ಹಗ್ಗ ಬಿಗಿದು ಕಿರುಗುಟ್ಟಿತು. ಕೆರೆಯ ನೀರಲ್ಲಿ ಗುಳ್ಳೆಗಳೆದ್ದವು, ಆಮೇಲೆ ಹಳದಿ ಕ್ಯಾಬಿನ್ನಿನ ನೆತ್ತಿ ಕಾಣಿಸಿತು. ನಿನ್ನೆ ಮಧ್ಯಾಹ್ನದಿಂದ ಮುಳುಗಿ ಕೂತಿದ್ದ ಹೂಳೆತ್ತುವ ಗಾಡಿ ಮೈತುಂಬ ಕೆಸರು ಮೆತ್ತಿಕೊಂಡು, ಸಂದಿಗೊಂದಿಯಿಂದೆಲ್ಲ ನೀರು ಸುರಿಸುತ್ತ ದಡಕ್ಕೆ ಬಂತು. ನೆರೆದವರೆಲ್ಲ ಹೋ ಎಂದರು. ಗಾಡಿ ಓಡಿಸುತ್ತಿದ್ದ ಆಪರೇಟರ್ ಮಾತ್ರ ಹಿಂದೆ ಸರಿದು ನಿಂತ.

ಗಾಡಿ ಅವನ ಅಕ್ಕನದು. ಅವಳಿಗೆ ಇದ್ದದ್ದೂ ಅದೊಂದೇ. ಮೊದಲು ಅವಳೇ ಅದನ್ನು ಓಡಿಸುತ್ತಿದ್ದಳು. ಬೆನ್ನುನೋವು ಹಿಡಿದ ಮೇಲೆ ತಮ್ಮನಿಗೆ ಕಲಿಸಿ ಸೀಟು ಬಿಟ್ಟುಕೊಟ್ಟಳು. ಕಲಿಸುವಾಗ ಅವಳು ಬೈದ ಬೈಗುಳಗಳನ್ನು ಸುರಿದಿದ್ದರೆ ಇನ್ನೊಂದು ಕೆರೆ ತುಂಬಿ ಕೋಡಿ ಬೀಳುತ್ತಿತ್ತು. ನಿನ್ನೆ ಎಲ್ಲರೂ ಊಟಕ್ಕೆ ಎದ್ದಾಗ, "ನೀವು ನಡೀರಿ, ಇದೊಂದು ಮೂಲೆ ಮುಗಿಸಿ ಬರ್ತೀನಿ" ಎಂದು ಇವನೊಬ್ಬನೇ ಉಳಿದ. ಅಷ್ಟರಲ್ಲಿ ಗಾಡಿ ಉರುಳುವ ಉಕ್ಕಿನ ಚೈನಿನಡಿ ದಡ ಕುಸಿಯಿತು. ಗಾಡಿ ಅಡ್ಡಡ್ಡ ಜಾರಿ ಗುಳುಂ ಎಂದಿತು.

ಕೈ ತೊಳೆಯದೆ ಓಡಿಬಂದವರು ಇವನನ್ನು ಮುತ್ತಿಕೊಂಡರು. ಆಪರೇಟರುಗಳಲ್ಲಿ ಸೀಟು ಬಿಟ್ಟು ಹಾರಿದವನಿಗೆ ಮೂರು ಕಾಸಿನ ಮರ್ಯಾದೆ ಇಲ್ಲ. ಹಿಂದೊಬ್ಬ ಹಾಗೆ ಹಾರಿದ್ದಕ್ಕೆ ಅವನಿಗೆ ಕಪ್ಪೆ ಅಂತಲೇ ಹೆಸರು ಬಿತ್ತು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ಒದ್ದೆ ಮುದ್ದೆಯಾಗಿ ನಿಂತಿದ್ದ ಇವನ ಬಾಯಿಂದ ಮಾತು ತಾನಾಗಿ ಬಂತು: "ಹಿಂದಕ್ಕೆ ತರೋಣ ಅಂತ ರೇಸ್ ಮಾಡ್ತಾನೇ ಇದ್ದೆ. ನೀರು ಎದೆಮಟ್ಟ ಬಂದ್ರೂ ಲಿವರ್ ಬಿಡ್ಲಿಲ್ಲ. ಇಂಜಿನ್ನೇ ನಿಂತುಹೋದ ಮೇಲೆ ಇನ್ನೇನ್ಮಾಡ್ಲಿ, ಈಚೆ ಬಂದೆ." ಭಲೇ ಎಂದು ಜನ ಬೆನ್ನು ತಟ್ಟಿದರು. ಸುದ್ದಿ ತಿಳಿದು ಬಂದ ಅಕ್ಕ ಅದನ್ನು ಕೇಳಿಸಿಕೊಂಡು ಬಂದ ದಾರಿಯಲ್ಲೇ ಮನೆಗೆ ಹೋಗಿದ್ದಳು.

ಈಗ ಮೆಕ್ಯಾನಿಕ್ ಇಂಜಿನ್ನಿನ ಮುಚ್ಚಳ ಎತ್ತಿ, ಒಳಗೆ ಇಣುಕಿ, ಪಕ್ಕದಲ್ಲಿ ಬಂದು ನಿಂತಿದ್ದ ಅಕ್ಕನ ಕಡೆ ತಿರುಗಿ ಲೊಚಗುಟ್ಟಿದ. "ಓಡ್ತಾ ಓಡ್ತಾ ನೀರು ಎಳ್ಕೊಂಡಿದೆ ಅಂದ್ರೆ ಒಳಗೆ ರಾಡುಗಳೆಲ್ಲ ಸೊಟ್ಟಗಾಗಿರ್ತವೆ ಅಮ್ಮ. ಇಲ್ಲಿ ಕೈ ಹಚ್ಚೋ ಹಾಗೇ ಇಲ್ಲ. ಶೆಡ್ಡಿಗೆ ಸಾಗಿಸಿ ಪೂರ್ತಿ ಬಿಚ್ಬೇಕು. ಈ ಕೆರೆ ಕೆಲಸ ಕೈತಪ್ಪಿತು ಅಂತಲೇ ತಿಳ್ಕೊಳ್ಳಿ."

"ಬೇರೆ ದಾರಿನೇ ಇಲ್ವಾ?" ಎಂದಳು ಅಕ್ಕ.

"ನೀರಿಗೆ ಬೀಳೋಕೆ ಮುಂಚೆ ಆಫ್ ಆಗಿದ್ರೆ ಮಾತು ಬೇರೆ. ಹಳೇ ಗಾಡಿ, ಕಂಪ್ಯೂಟರ್ ಗಿಂಪ್ಯೂಟರ್ ರಗಳೆ ಇಲ್ಲ. ನೀರು ತೆಗೆದು, ಆಯಿಲ್ ಬದಲಾಯಿಸಿ ಇಲ್ಲೇ ಚಾಲೂ ಮಾಡ್ತಿದ್ದೆ. ಆದ್ರೆ ನಿಮ್ಮ ತಮ್ಮ ಶೂರ ನೋಡಿ, ಬಿಡ್ಲೇ ಇಲ್ವಲ್ಲ!"

ಗಾಡಿಯನ್ನು ಹೇರಿಕೊಂಡು ಹೋಗಲು ಲಾರಿ ಹಿಂದಕ್ಕೆ ಬರತೊಡಗಿತು. ಶೂರ ಆ ಲಾರಿಯನ್ನೇ ನೋಡಿದ. ಹೇಳಿದರೆ ಊರ ತುಂಬ ನಗೆಪಾಟಲು. ಹೇಳದಿದ್ದರೆ ಅಕ್ಕನ ಅನ್ನಕ್ಕೇ ಕಲ್ಲು. ಅವನು ಕಣ್ಣುಮುಚ್ಚಿ ಹೇಳಿಯೇಬಿಟ್ಟ.

"ಅಕ್ಕಾ, ನಿನ್ನೆ ಹೇಳಿದ್ದೆಲ್ಲ ಸುಳ್ಳು. ದಡ ಅಲ್ಲಾಡಿದ್ದೇ ಜೀವ ಬಾಯಿಗೆ ಬಂತು. ಆಫ್ ಮಾಡಿ ಎದ್ದೆ. ಬಾಗಿಲು ಬೇರೆ ಕಚ್ಕೊಂಡಿತ್ತು, ಎರಡು ಸಲ ಒದ್ದೆ, ದಡದಂಚಿನ ನೀರಿಗೆ ಹಾರ್ಬಿಟ್ಟೆ. ಗಾಡಿ ಮುಳುಗಿದ್ದನ್ನ ಹೊರಗೆ ನಿಂತೇ ನೋಡಿದ್ದು."

ಕ್ರೇನಿನವನು ಮೇಲಿಂದಲೇ ಕಪ್ಪೆಯ ಹಾಗೆ "ವಟರ್, ವಟರ್" ಎಂದ. ದಡವೆಲ್ಲ ಬಿದ್ದು ಬಿದ್ದು ನಕ್ಕಿತು. ಮೆಕ್ಯಾನಿಕ್ ಮಾತ್ರ ಅವನ ಎರಡೂ ತೋಳು ಹಿಡಿದು, "ಆಫ್ ಮಾಡಿದ್ಯಾ? ನಿಜ ಹೇಳು, ಕೈಯಾರೆ ಆಫ್ ಮಾಡಿದ್ಯಾ? ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದವನೇ ಲಾರಿಯನ್ನು ವಾಪಸು ಓಡಿಸಿದ.

ಅಕ್ಕ ಹತ್ತಿರ ಬಂದಳು. ಈಗ ಬಿತ್ತು ಏಟು ಎಂದು ಅವನು ತಲೆ ತಗ್ಗಿಸಿದ. ಬಿತ್ತು ಕೂಡ, ಬೆನ್ನ ಮೇಲೆ, ಧಬ್ ಎಂದು. ಆದರೆ ಆ ಕೈ ಅಲ್ಲಿಂದ ಏಳಲಿಲ್ಲ. ಅವನ ಅಂಗಿಯನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಎದೆಮಟ್ಟ ನೀರು ಅಂದ್ಯಲ್ಲೋ ಪಾಪಿ! ರಾತ್ರಿಯೆಲ್ಲ ಅದೇ ಕಣ್ಣಿಗೆ ಕಟ್ಟಿತ್ತು. ನಾನೇ ಬೈದೂ ಬೈದೂ ನಿನ್ನನ್ನ ಆ ಸೀಟಿಗೆ ಅಂಟಿಸಿಬಿಟ್ಟೆ, ನನ್ನ ಬಾಯಿಗೆ ಹೆದರಿ ಇವನು ಸಾಯೋಕೂ ಕೂತಿದ್ನಲ್ಲ ಅಂತ..." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಹಾರಿದ್ಯಲ್ಲ. ಸದ್ಯ. ನನ್ನಪ್ಪ, ಬದುಕಿಸಿದೆ."

ಇಂಜಿನ್ನಿನಿಂದ ನೀರು ಚಿಮ್ಮಿತು, ಹಾಲುಬಣ್ಣಕ್ಕೆ ತಿರುಗಿದ್ದ ಆಯಿಲ್ ಸುರಿಯಿತು. ಹೊಸ ಆಯಿಲ್ ಹೊಯ್ದು, ಬೇರೆ ಬ್ಯಾಟರಿ ಕೂರಿಸಿ, ಹೊತ್ತು ಇಳಿಯುವ ಮುಂಚೆ ಮೆಕ್ಯಾನಿಕ್ ಕೀಲಿ ತಿರುಗಿಸಿದ. ಗಾಡಿ ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದ. ಈ ಸಲ ಕೆಮ್ಮಿ, ಬಿಳಿ ಹೊಗೆ ಕಕ್ಕಿ, ಗುರ್ರೆಂದು ಹಿಡಿದುಕೊಂಡಿತು. ಆಪರೇಟರ್ ಕೆಸರು ಮೆತ್ತಿದ್ದ ಅದರ ಮೈಯನ್ನು ಅಂಗೈಯಿಂದ ತಟ್ಟಿದ.

"ಹತ್ತು," ಎಂದಳು ಅಕ್ಕ. ಅವನು ಹತ್ತಿ ಕೂತ. ಅವಳು ಮೆಕ್ಯಾನಿಕ್ಕಿನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಬೆನ್ನು ಹಿಡಿದುಕೊಂಡೇ ಕ್ಯಾಬಿನ್ನಿನ ಬಾಗಿಲಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಅಯ್ಯೋ, ಚಳಿ ಹೊಡೆಯುತ್ತೆ ಅಕ್ಕ."

"ಸ್ವೆಟರ್ ಹಾಕ್ಕೋ. ನೀರಿನ ಹತ್ರ ಕೆಲಸ ಇರೋತನಕ ಇದು ಬೇಡ."

ಕಳಚಿದ ಬಾಗಿಲನ್ನು ಇಬ್ಬರು ಹಿಡಿದು ಇಳಿಸಿ ಹೂಳಿನ ಗುಡ್ಡೆಗೆ ಒರಗಿಸಿದರು. ಗಾಡಿ ದಡದಿಂದ ದೂರ ಸರಿದು ನಿಧಾನಕ್ಕೆ ಮುಂದೆ ಹೋಯಿತು. ಅಕ್ಕ ಆ ಬಾಗಿಲ ಪಕ್ಕದಲ್ಲಿ ಕಾಲು ಚಾಚಿ ಕೂತು, ಬೆಳಿಗ್ಗೆ ತಂದು ಮುಟ್ಟದೆ ಇಟ್ಟಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದಳು.