ಬೀಸುವ ಕಲ್ಲಿನ ಇಂಗ್ಲಿಷು

ಹಂಸಭಾವಿಯ ಮಹಾದೇವಕ್ಕನಿಗೆ ಇಂಗ್ಲಿಷಿನ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಐನೂರೋ ಆರುನೂರೋ ಇಂಗ್ಲಿಷ್ ಮಾತುಗಳು ಅವಳ ಬಾಯಲ್ಲಿದ್ದವು. ಅದೆಲ್ಲ ಗಂಡನ ಹುಚ್ಚಿನ ಪ್ರಸಾದ. ಗಂಡ ಪರಮೇಶ್ವರಪ್ಪ ಊರ ಕನ್ನಡ ಶಾಲೆಯ ಮಾಸ್ತರ. ಮುಂಬಯಿಯ ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಪದಬಂಧದ ಪಂದ್ಯ ಬರುತ್ತಿತ್ತು, ಗೆದ್ದವರಿಗೆ ಸೈಕಲ್ಲು. ಆ ಸೈಕಲ್ಲಿನ ಆಸೆಗೆ ಮಾಸ್ತರ ನಾಲ್ಕು ವರ್ಷ ಕೂತು ಕೆಂಪು ರಟ್ಟಿನ ವಹಿಯೊಂದರಲ್ಲಿ ಮಾತು ಕೂಡಿಹಾಕಿದ್ದ. ಕೊನೆಯ ಮೂರಕ್ಷರ ಒಂದೇ ಆಗಿರುವ ಮಾತುಗಳೆಲ್ಲ ಒಂದು ಪುಟದಲ್ಲಿ. ಅದಕ್ಕವನು ‘ಮನೆತನ’ ಅನ್ನುತ್ತಿದ್ದ. ಸವಣೂರಿನಲ್ಲಿ ಸಿರಾಜುದ್ದೀನನೆಂಬ ಗೆಳೆಯನಿದ್ದ, ಇವನಷ್ಟೇ ಹುಚ್ಚ. ಇವನು ಕಾರ್ಡಿನಲ್ಲಿ ಒಂದು ಮನೆತನ ಬರೆದು ಕಳಿಸಿದರೆ, ಬಿಟ್ಟುಹೋದ ಮಾತುಗಳನ್ನು ಸೇರಿಸಿ ಅವನು ತಿರುಗಿ ಕಳಿಸಬೇಕು.

ಸಂಜೆ ಮಾಸ್ತರ ಗಟ್ಟಿಯಾಗಿ ಓದುವುದು, ಮರುದಿನ ನಸುಕಿಗೆ ಜೋಳ ಬೀಸುತ್ತ ಮಹಾದೇವಕ್ಕ ಅದನ್ನೇ ಹಾಡು ಕಟ್ಟುವುದು. ಅರ್ಥ ಗೊತ್ತಿಲ್ಲದ್ದರಿಂದ ಎಲ್ಲ ಮಾತುಗಳಿಗೂ ಸಂಬಂಧ ಹಚ್ಚಿಬಿಡುತ್ತಿದ್ದಳು: ಒಬ್ಬ ಅಣ್ಣ, ಒಬ್ಬ ಮೈದುನ, ಒಬ್ಬಳು ಅತ್ತಿಗೆ.

“ಮೆತ್ತಗ ಹಾಡ ಮಾರಾಯ್ತಿ,” ಎಂದು ಮಾಸ್ತರ ಗದರುತ್ತಿದ್ದ. “ನನ್ನ ಮಾತು ಊರಿಗೆಲ್ಲಾ ಗೊತ್ತಾದ್ರ ಸೈಕಲ್ಲು ಮಂದಿ ಹೊಡಕೊಂಡು ಹೋಗ್ತಾರ.”

ಹಂಸಭಾವಿಯಲ್ಲಿ ಇಂಗ್ಲಿಷ್ ಪದಬಂಧ ಬಿಡಿಸುವವರು ಇನ್ಯಾರಿದ್ದರೋ, ಆ ಶಿವನೇ ಬಲ್ಲ! ಮಹಾದೇವಕ್ಕ ಹೂಂ ಅನ್ನುವಳು. ಕಲ್ಲಿಗೆ ವೇಗ ಬಂದ ಕೂಡಲೇ ಮತ್ತೆ ದನಿ ಏರಿಸುವಳು.

ನಲವತ್ತೆರಡರ ಭಾದ್ರಪದ ಬಂತು. ಚಳವಳಿಯ ಕಾಲ. ಒಂದೂರಲ್ಲಿ ಚಾವಡಿ ಸುಟ್ಟರು, ಇನ್ನೊಂದೂರಲ್ಲಿ ತಂತಿ ಕಡಿದರು. ಪೊಲೀಸರು ಟಪಾಲನ್ನೆಲ್ಲ ಒಡೆದು ಓದುತ್ತಿದ್ದರು. ಒಂದು ಮಧ್ಯಾಹ್ನ ನೆರೆಮನೆಯ ಹುಚ್ಚವ್ವ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು.

“ಯವ್ವಾ ಮಾದೇವಕ್ಕ, ಕೆಟ್ಟಿತಲ್ಲೇ! ಮಾಸ್ತರನ್ನ ಸಾಲಿಯಿಂದನ ಚಾವಡಿಗೆ ಒಯ್ದಾರ. ಅದೇನೋ ಇಂಗ್ಲೀಷ್ ಕಾರ್ಡು ಸಿಕ್ಕೈತಂತ. ಫೌಜದಾರ ಮನಿಯೆಲ್ಲಾ ಹುಡುಕಿ ಝಡತಿ ಮಾಡಾಕ ಬರಾಕತ್ತಾನ!”

ಮನೆಯಲ್ಲಿ ಇಂಗ್ಲಿಷ್ ಅನ್ನುವುದು ಇದ್ದದ್ದು ಆ ಕೆಂಪು ವಹಿಯಲ್ಲೇ. ಮಹಾದೇವಕ್ಕ ಹಿಂದುಮುಂದು ನೋಡದೆ ಅದನ್ನು ಟ್ರಂಕಿನಿಂದ ತೆಗೆದು ಬಚ್ಚಲ ಒಲೆಗೆ ತುರುಕಿದಳು. ರಟ್ಟು ಬೇಗ ಹತ್ತಲಿಲ್ಲ. ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ಊದಿದಳು.

ಅಷ್ಟರಲ್ಲಿ ಬೂಟಿನ ಸಪ್ಪಳ. ಮುಂದೆ ಫೌಜದಾರ, ಹಿಂದೆ ಪೊಲೀಸ ನಬೀಸಾಬ, ನಡುವೆ ಪರಮೇಶ್ವರಪ್ಪ. ಕೈಗೆ ಹಗ್ಗ ಬಿಗಿದಿದ್ದರೂ ಅವನ ಮುಖ ಮಾತ್ರ ಗೆಲುವಾಗಿತ್ತು.

“ಲೇ, ಆ ಕೆಂಪು ವಹಿ ತಾ,” ಎಂದ. “ಇವೆಲ್ಲಾ ಆಟದ ಮಾತು ಅಂತ ಸಾಹೇಬ್ರಿಗೆ ಹೇಳಿ ಹೇಳಿ ಸಾಕಾತು. ನಾಕು ವರ್ಷದ ತಾರೀಖು ಹಾಕೇನಿ ಅದರಾಗ. ನೋಡಿದ್ರ ಅವರಿಗ ತಿಳೀತೈತಿ.”

ಅಯ್ಯೋ ದೇವರೇ! ಗಂಡನನ್ನು ಉಳಿಸಬೇಕಾದದ್ದನ್ನೇ ಸುಟ್ಟಿದ್ದಳು. ಕಣ್ಣು ತಾನಾಗಿ ಬಚ್ಚಲ ಕಡೆ ಹೋಯಿತು. ಫೌಜದಾರನೇನು ಕುರುಡನೇ? ಹೋಗಿ ಲಾಠಿಯಿಂದ ಒಲೆ ಕೆದಕಿ, ಅರೆಸುಟ್ಟ ಕೆಂಪು ರಟ್ಟಿನ ಚೂರು ಎತ್ತಿಕೊಂಡು ಬಂದ.

“ಆಟದ ವಹಿ ಯಾರರ ಸುಡತಾರೇನು?” ಎಂದ. ಕಿಸೆಯಿಂದ, ಮಾಸ್ತರ ಸಿರಾಜುದ್ದೀನನಿಗೆ ಬರೆದಿದ್ದ ಕಾರ್ಡು ತೆಗೆದ. “ಫಾಯರ ಅಂತ ಬರದಾನ. ಅಂದ್ರ ಬೆಂಕಿ. ಕೆಳಗ ವಾಯರ. ಅಂದ್ರ ತಂತಿ. ಸುಡೂದು, ಕಡಿಯೂದು! ನಡೀರಿ ಮಾಸ್ತರ, ಹಿರೇಕೆರೂರಿಗೆ. ಅಲ್ಲಿಂದ ಧಾರವಾಡ ಜೇಲು.”

ಮಾಸ್ತರನ ಮುಖ ಬಿಳಿಚಿಕೊಂಡಿತು. ಅವನು ಹೆಂಡತಿಯನ್ನು ನೋಡಿದ ನೋಟಕ್ಕೆ ಅವಳ ಜೀವ ಬಾಯಿಗೆ ಬಂತು.

“ಸಾಹೇಬ್ರ, ಸುಟ್ಟಾಕಿ ನಾನ್ರಿ. ಅವರಿಗೆ ಗೊತ್ತಿಲ್ರಿ,” ಎಂದಳು. “ಆ ವಹಿ ನನ್ನ ಬಾಯಾಗ ಐತ್ರಿ. ಕಾರ್ಡು ಹಿಡಕೊಂಡು ನೋಡ್ರಿ.”

“ಹೇಳು.”

ಹೇಳಲು ಬಂದರೆ ತಾನೆ! ಕಲ್ಲು ತಿರುಗದೆ ಅವಳಿಗೆ ಒಂದು ಮಾತೂ ನೆನಪಾಗದು. ಓಡಿ ಬೀಸುವ ಕಲ್ಲಿನ ಮುಂದೆ ಕೂತಳು. ಒಂದು ಹಿಡಿ ಜೋಳ ಹಾಕಿದಳು. ಅರ್ಧ ನೆಲಕ್ಕೇ ಚೆಲ್ಲಿತು. ಗೂಟ ಹಿಡಿದು ತಿರುಗಿಸತೊಡಗಿದಳು.

“ಫಾಯರ ಅಣ್ಣಗ ವಾಯರ ತಮ್ಮ, ಸುವ್ವಿ. ಹಾಯರ ಅತ್ತಿಗಿ ಬಂದಾಳ, ಸುವ್ವಿ...”

ಫೌಜದಾರನ ಬೆರಳು ಕಾರ್ಡಿನ ಮೇಲೆ ಒಂದೊಂದೇ ಸಾಲು ಇಳಿಯಿತು. ಮೂರನೆಯದಕ್ಕೆ ನಿಂತಿತು. “ಮುಂದ?”

ಮುಂದಿನದು ಹಾರಿಹೋಗಿತ್ತು. ಕಲ್ಲು ನಿಂತಿತು. ಎಷ್ಟು ತಡಕಾಡಿದರೂ ಆ ಹಾಳು ಮೈದುನನ ಹೆಸರು ಸಿಗಲಿಲ್ಲ.

“ಗಂಡ ಕಲಿಸಿಕೊಟ್ಟದ್ದು ಇಷ್ಟ ಕಾಣತೈತಿ,” ಎಂದು ಫೌಜದಾರ ಹಗ್ಗ ಜಗ್ಗಿದ. ಮಾಸ್ತರ ಮುಗ್ಗರಿಸಿದ.

ಆಗ ಬಾಗಿಲ ಹೊರಗಿನಿಂದ ಹುಚ್ಚವ್ವನ ಒಡಕು ದನಿ ಬಂತು: “ಮಾಯರ ಮೈದುನ ಮುನಿಸ್ಯಾನ, ಸುವ್ವಿ...” ಅವಳ ಬೆನ್ನಿಗೇ ಎದುರುಮನೆಯ ಬಾನುಬಿ: “ಟಾಯರ ನೆಗೆಣ್ಣಿ ಕರದಾಳ, ಸುವ್ವಿ...”

ನಾಲ್ಕು ವರ್ಷ ಒಂದೇ ಹೊತ್ತಿಗೆ ಕಲ್ಲು ತಿರುಗಿಸಿದ ಓಣಿ ಅದು. ಗೋಡೆಯಾಚೆಯಿಂದ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ. ಬಾಗಿಲಲ್ಲಿ ನೆರೆದ ಏಳೆಂಟು ಹೆಂಗಸರು ಕಾರ್ಡು ಮುಗಿಯುವ ತನಕ ಹಾಡಿದರು. ಮುಗಿದ ಮೇಲೂ ಬಿಡಲಿಲ್ಲ, ಮುಂದಿನ ಮನೆತನ ಹಿಡಿದರು.

ನಬೀಸಾಬ ಕೆಮ್ಮಿದ. “ಸಾಹೇಬ್ರ, ನಮ್ಮ ಮನ್ಯಾಗೂ ಇದನ್ನ ಹಾಡ್ತಾರ್ರಿ. ಎರಡು ವರ್ಷಾತ್ರಿ.”

ಫೌಜದಾರ ಕಾರ್ಡು ನೋಡಿದ, ಹೆಂಗಸರನ್ನು ನೋಡಿದ. “ಓಣಿಯೆಲ್ಲಾ ಹಾಡೂದನ್ನ ಗುಟ್ಟು ಅಂತ ಮ್ಯಾಲೆ ಬರದು ಕಳಿಸಿದ್ರ ಮಂದಿ ನನ್ನ ಮಾರಿಗೆ ನಗತಾರ,” ಎಂದು ಗೊಣಗಿ ಹಗ್ಗ ಬಿಚ್ಚಿಸಿದ. “ಇನ್ನ ಕಾರ್ಡು ಬರೀಬ್ಯಾಡ್ರಿ ಮಾಸ್ತರ. ಇನ್ನೊಮ್ಮೆ ಸಿಕ್ರ ಹಾಡು ಕೇಳಾಂಗಿಲ್ಲ.”

ಬೂಟಿನ ಸಪ್ಪಳ ಓಣಿ ದಾಟಿತು. ಮಹಾದೇವಕ್ಕನಿಗೆ ಅಳು ಒತ್ತರಿಸಿ ಬಂತು. ಪೊಲೀಸರ ಭಯ ಹೋಗಿ ಗಂಡನ ಭಯ ಹಿಡಿದಿತ್ತು. ನಾಲ್ಕು ವರ್ಷದ ಅವನ ದುಡಿತವನ್ನು ಬೂದಿ ಮಾಡಿದ್ದಳಲ್ಲ! ಪರಮೇಶ್ವರಪ್ಪ ಬಚ್ಚಲಿಗೆ ಹೋಗಿ ಒಲೆಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಎದ್ದು, ಶಾಲೆಯ ಚೀಲದಿಂದ ಖಾಲಿ ವಹಿಯೊಂದನ್ನು ತೆಗೆದುಕೊಂಡು ಬಂದು ಕಲ್ಲಿನ ಪಕ್ಕ ಬರಿ ನೆಲಕ್ಕೇ ಕೂತ.

“ಹಾಡು. ಮೊದಲನೇ ಮನೆತನದಿಂದ.”

ಮಹಾದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಗೂಟ ಹಿಡಿದಳು. “ಮೆತ್ತಗ ಹಾಡ್ಲೇನ್ರಿ?”

“ಬ್ಯಾಡ,” ಎಂದ ಮಾಸ್ತರ. ಸೀಸಕಡ್ಡಿ ಹಿಡಿದು ವಹಿಯ ಮೊದಲ ಪುಟ ತೆರೆದ. “ಓಣಿಗೆಲ್ಲಾ ಕೇಳೂವಂಗ ಹಾಡು.”