ಹೊಳೆ ದಾಟುವ ಮುಂಚೆ

ಹೊಳೆಯ ದಂಡೆಗೆ ಬಂದು ಮುಟ್ಟುವಷ್ಟರಲ್ಲಿ ಇರ್ಗಾಳ ಕಾಲಲ್ಲಿ ಜೀವವಿರಲಿಲ್ಲ. ಹಿಮಸಾರಂಗದ ಹಿಂಡು ನಡೆದಲ್ಲೆಲ್ಲ ನಡೆಯಬೇಕು, ನಿಂತಲ್ಲಿ ನಿಲ್ಲಬೇಕು, ಇದೂ ಒಂದು ಬಾಳು. ಬೆನ್ನಿನ ಚರ್ಮದ ಚೀಲದಲ್ಲಿ ತೋಳದ ಮರಿ ಮಿಸುಕಾಡುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಅವಳ ಕೂಸು ಜ್ವರದಲ್ಲಿ ತೀರಿಕೊಂಡಿತ್ತು. ಹಾಲು ಮಾತ್ರ ನಿಲ್ಲಲಿಲ್ಲ. ಎದೆ ಕಲ್ಲಾಗಿ ನರಳುತ್ತಿದ್ದವಳಿಗೆ ಗಂಡ ದಾಗೂರ್ ಈ ಮರಿಯನ್ನು ತಂದುಕೊಟ್ಟಿದ್ದ. ನೋವು ತಾಳಲಾರದೆ ಮೊಲೆಯನ್ನು ಅದರ ಬಾಯಿಗೆ ಕೊಟ್ಟಳು. ಆಮೇಲೆ ಬಿಡಲಾಗಲಿಲ್ಲ.

ಸಾಕಿದ ತೋಳದ ಮರಿಗಳನ್ನು ಹೊಳೆ ದಾಟಿಸುವ ಮುಂಚೆ ಅಂಗಾತ ಮಲಗಿಸಿ ಬಾಯಲ್ಲಿ ಬೆರಳಿಟ್ಟು ನೋಡುವುದು ಅವರ ಗುಂಪಿನ ಕಟ್ಟಳೆ. ಸುಮ್ಮನಿದ್ದದ್ದು ಜೊತೆಗೆ ಬರುತ್ತದೆ. ಕಚ್ಚಿದ್ದರ ಕುತ್ತಿಗೆ ಮುರಿದು, ತೊಗಲನ್ನು ಟೋಪಿಗೆ ಹೊಲಿಯುತ್ತಾರೆ. ನೋಡುವವಳು ಇರ್ಗಾಳ ಅತ್ತೆ ಓಮ್ಚೆ. ಮುದುಕಿಯ ಕೈಯೂ ಗಟ್ಟಿ, ಬಾಯಿಯೂ ಗಟ್ಟಿ.

ಇರ್ಗಾ ದಾರಿಯಲ್ಲೇ ತನ್ನ ಪಾಲಿನ ಮೂಳೆಮಜ್ಜೆಯನ್ನೆಲ್ಲ ಮರಿಗೆ ತಿನ್ನಿಸಿದ್ದಳು. ಹೊಟ್ಟೆ ಬಿರಿಯುವಂತೆ ತಿಂದ ಮರಿ ಓಮ್ಚೆಯ ಬೆರಳನ್ನು ಬಾಯಲ್ಲಿಟ್ಟುಕೊಂಡೇ ತೂಕಡಿಸಿತು.

"ಅಯ್ಯೋ, ಇದು ದಾಗೂರನಿಗಿಂತ ಸೋಮಾರಿ ಕಣೆ" ಎಂದು ಮುದುಕಿ ನಕ್ಕಳು. ನಗುತ್ತಲೇ ಅವಳ ಕಣ್ಣು ಸೊಸೆಯ ಎದೆಯ ಮೇಲೆ ನಿಂತಿತು. ಮೇಲುಹೊದಿಕೆಯ ತೊಗಲಿನಲ್ಲಿ ರಕ್ತ ಒಸರಿತ್ತು.

"ಏನೇ ಅದು?"

"ಮುಳ್ಳು ತರಚ್ತು, ಅತ್ತೆ."

"ಎದೆಗೆ ಮುಳ್ಳು ತರಚೋಕೆ ನೀನೇನು ತೆವಳ್ಕೊಂಡು ಬಂದ್ಯಾ? ಕಚ್ಚಿದೆ ತಾನೆ?"

ಇರ್ಗಾ ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. ಓಮ್ಚೆಯ ಕೈ ಮರಿಯ ಕುತ್ತಿಗೆಗೆ ಹೋಯಿತು. ಅಡ್ಡ ಬರಲು ಸೊಸೆಗೆ ತ್ರಾಣವಿರಲಿಲ್ಲ. ಕುಸಿದು ಕೂತಲ್ಲಿಂದಲೇ ಅಂದಳು:

"ಹಲ್ಲು ಬಂದಾಗ ಎಲ್ಲಾ ಮಕ್ಕಳೂ ಕಚ್ತಾವೆ. ನಿಮ್ಮ ಮಗ ಕಚ್ಚಿರ್ಲಿಲ್ವಾ?"

"ಕಚ್ಚಿದ್ದ. ಅವನು ಮನುಷ್ಯನ ಮಗ."

"ನನ್ನದು ಹಲ್ಲು ಬರೋ ಮುಂಚೆನೇ ಹೋಯ್ತಲ್ಲ, ಅತ್ತೆ. ನಂಗೆ ಕಚ್ಚಿಸ್ಕೊಳ್ಳೋ ಭಾಗ್ಯನೂ ಇರ್ಲಿಲ್ಲ. ಇದಾದ್ರೂ ಕಚ್ಲಿ ಬಿಡಿ."

ಮುದುಕಿಯ ಹಿಡಿತ ಸಡಿಲವಾಯಿತು. ಆ ಕೂಸನ್ನು ಹಿಮದ ಕೆಳಗೆ ಮಲಗಿಸಿ ಬಂದವಳೂ ಅವಳೇ. ಕೊನೆಗೆ ಮರಿಯನ್ನು ಸೊಸೆಯ ಮಡಿಲಿಗೆ ಹಾಕಿ, ಬೆಳಗ್ಗೆ ಕೊಯ್ದ ಸಾರಂಗದ ಪಿತ್ತವನ್ನು ಒಂದು ಚಿಪ್ಪಿನಲ್ಲಿ ತಂದಳು.

"ತಗೋ, ಎದೆಗೆ ಹಚ್ಕೋ. ಕಹಿ ತಾಗಿದ್ರೆ ತಾನೇ ಬಿಡುತ್ತೆ. ದಾಗೂರಂಗೂ ಹಿಂಗೇ ಬಿಡಿಸಿದ್ದು. ಇನ್ಮೇಲೆ ಮಾಂಸ ಜಗಿದು ಕೊಡು. ನಿನ್ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಕಚ್ಚಿದ್ರೆ ಆಗ ನನ್ನ ಕೇಳ್ಬೇಡ."

ಇರ್ಗಾ ಹಚ್ಚಿಕೊಂಡಳು. ಎಚ್ಚರವಾದ ಮರಿ ಬಾಯಿ ಹಾಕಿತು, ಮೂತಿ ಸಿಂಡರಿಸಿ ಸೀನಿತು, ಮತ್ತೆ ಬಂತು. ಅವಳು ಕೈಯಿಂದ ಅದರ ಮೂತಿಯನ್ನು ದೂರ ತಳ್ಳಿದಳು. ಅದು ಕುಂಯ್‌ಗುಟ್ಟಿದಾಗ, ಕೂಸು ಸತ್ತ ದಿನ ಬಾರದಿದ್ದ ಅಳು ಒತ್ತರಿಸಿಕೊಂಡು ಬಂತು.